ಕೀಲಿ ತೆಗೆದರೂ ನಿಲ್ಲದ ಕಾರು

ಹೆಸರು: ಪಂಪಾವತಿ, ಗಂಡ ದುರುಗೇಶ. ವಯಸ್ಸು: 43 ವರ್ಷ. ಉದ್ಯೋಗ: ವಿಜ್ಞಾನ ಶಿಕ್ಷಕಿ, ಪ್ರೌಢಶಾಲೆ, ಜವಳಗೇರಾ. ವಾಸ: ಮಸ್ಕಿ ರಸ್ತೆ, ನೀರಿನ ಟ್ಯಾಂಕಿನ ಹಿಂದೆ, ಸಿಂಧನೂರು.

ದಿನಾಂಕ 09-02-2025, ಭಾನುವಾರ, ಮಧ್ಯಾಹ್ನ 3.20ಕ್ಕೆ, ಇದೇ ಠಾಣೆಯಲ್ಲಿ ಇದೇ ಕುರ್ಚಿಯಲ್ಲಿ ಈ ದಿನ ಎರಡನೇ ಸಲ ಕುಳಿತು ನಾನು ಹೇಳಿ ಬರೆಸುವುದೇನೆಂದರೆ,

ಮೇಲ್ಕಂಡ ವಿಳಾಸದಲ್ಲಿ ನಾನು, ನನ್ನ ಗಂಡ ಮತ್ತು ನನ್ನ ತಂದೆ ಅಂಬಪ್ಪ, ವಯಸ್ಸು 74, ವಾಸವಾಗಿರುತ್ತೇವೆ. ನನ್ನ ಹೆಸರಿನಲ್ಲಿ 1985ನೇ ಸಾಲಿನ, ಬಿಳಿ ಬಣ್ಣದ ಡೀಸೆಲ್ ಬೆಂಜ್ ಕಾರು ಇರುತ್ತದೆ. ಬೆಳಗಿನ ದೂರಿನಲ್ಲಿ ಇದನ್ನು ಎರಡು ಕಡೆ ಫಿರ್ಯಾದಿಯ ಗಂಡನ ಕಾರು ಎಂದು ಬರೆದಿದ್ದರು. ಎರಡೂ ಕಡೆ ತಿದ್ದಿಸಿದೆ. ಈಗಲೂ ಬರೆದುಕೊಳ್ಳುವವರ ಪೆನ್ನು ಅದೇ ಕಡೆ ಹೊರಟಿದ್ದನ್ನು ನೋಡಿ ಹೇಳುತ್ತಿದ್ದೇನೆ, ನನ್ನ ಗಂಡನಿಗೆ ಸೈಕಲ್ಲಿನ ಚೈನು ಬಿದ್ದರೆ ಏರಿಸಲು ಬರುವುದಿಲ್ಲ. ಕಾರು ನನ್ನದು.

ಈ ಕಾರನ್ನು ಸಿಂಧನೂರಿನ ಒಬ್ಬ ಅಕ್ಕಿ ಗಿರಣಿ ಸಾಹುಕಾರರು ಹೊಸದಾಗಿ ತಂದಿದ್ದರು. 1985ರಿಂದ 2001ರವರೆಗೆ ನನ್ನ ತಂದೆಯವರೇ ಅದರ ಚಾಲಕರಾಗಿದ್ದರು. ಸಾಹುಕಾರರು ತೀರಿಕೊಂಡ ಮೇಲೆ ಕಾರು ಮೂರು ಕೈ ದಾಟಿ, ಕೊನೆಗೆ ಗಂಗಾವತಿ ರಸ್ತೆಯಲ್ಲಿರುವ ಮೆಕ್ಯಾನಿಕ್ ಬಂದೇಸಾಬನ ಗ್ಯಾರೇಜಿನ ಹಿಂದೆ ಬಂದು ಬಿದ್ದಿತ್ತು. ಒಳಗೆ ಕೋಳಿ ಕಾವಿಗೆ ಕೂತಿತ್ತು. ನಾನು 2019ರಲ್ಲಿ ಅದನ್ನು ಕೊಂಡು, ಮನೆಯ ಪಕ್ಕ ತಗಡಿನ ಶೆಡ್ ಹಾಕಿಸಿ, ಭಾನುವಾರ ಮತ್ತು ಸೂಟಿಯ ದಿನಗಳಲ್ಲಿ ಸ್ವಂತ ಕೈಯಿಂದ ರಿಪೇರಿ ಮಾಡುತ್ತಾ ಬಂದಿರುತ್ತೇನೆ. ಹೆಣ್ಣುಮಗಳಿಗೆ ಇದೆಂಥ ಹುಚ್ಚು ಎಂದು ಬೆಳಿಗ್ಗೆ ಠಾಣೆಯಲ್ಲಿ ಕೇಳಲಾಯಿತು. ಕೆಲವರು ಕಸೂತಿ ಹಾಕುತ್ತಾರೆ, ನಾನು ಎಂಜಿನ್ ಬಿಚ್ಚುತ್ತೇನೆ ಎಂದು ಉತ್ತರಿಸಿರುತ್ತೇನೆ.

ಐದು ವರ್ಷ ನನ್ನ ತಂದೆಯವರು ಪಕ್ಕದಲ್ಲಿ ಬ್ಯಾಟರಿ ದೀಪ ಹಿಡಿದು ನಿಂತು, ಯಾವ ನಟ್ಟು ಯಾವ ಕಡೆ ತಿರುಗುತ್ತದೆ ಎಂದು ಹೇಳುತ್ತಿದ್ದರು. ನನ್ನ ಕೈಯಲ್ಲಿ ಎತ್ತಲಾಗದ್ದನ್ನು ಬಂದೇಸಾಬ ಬಂದು ಎತ್ತಿ ಕೂರಿಸಿ ಹೋಗುತ್ತಿದ್ದ. ಅವನು ಮೊದಲು ಇದೇ ಕಾರಿನ ಕ್ಲೀನರ್ ಆಗಿದ್ದವನು. ಸ್ಟೇರಿಂಗ್ ಹಿಡಿಯುವುದನ್ನು ಅವನಿಗೆ ಕಲಿಸಿದವರು ನನ್ನ ತಂದೆ. ಇವತ್ತಿಗೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಾನೆ. ಇದು ನನಗೆ ಬೆಳಿಗ್ಗೆಯೂ ಗೊತ್ತಿತ್ತು, ಆದರೆ ದೂರಿನಲ್ಲಿ ಬರೆಸಲಿಲ್ಲ.

ಕಾರು ಕಳೆದ ನವೆಂಬರ್ 17ರಂದು ಚಾಲೂ ಆಯಿತು. ಅಂದಿನಿಂದ ತಂದೆಯವರು ಪ್ರತಿ ಭಾನುವಾರ, ಒಂದು ಸಲ ನಾನು ಹೊಡೆಯುತ್ತೇನೆ ಎಂದು ಕೇಳುತ್ತಿದ್ದರು. ಅವರ ಎರಡೂ ಕಣ್ಣಿಗೆ ಪೊರೆ ಬಂದಿರುತ್ತದೆ. ಲೈಸೆನ್ಸ್ ಅವಧಿ 2021ಕ್ಕೇ ಮುಗಿದಿರುತ್ತದೆ. ಇದೇ ಗುರುವಾರ ರಾಯಚೂರಿನಲ್ಲಿ ಆಪರೇಶನ್ ಇದೆ. ಆಪರೇಶನ್ ಆದ ಮೇಲೆ ಹೊಡೆಯುವಿರಂತೆ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ಆಮೇಲೂ ಕಣ್ಣು ಬರದಿದ್ದರೆ ಎಂದು ಒಮ್ಮೆ ಕೇಳಿದರು. ಕೆಟ್ಟ ಮಾತು ಆಡಬೇಡಿ ಎಂದು ಗದರಿಸಿ, ಚಹಾ ಕುಡಿದು ಬನ್ನಿ ಎಂದು ನರಸಣ್ಣನ ಹೋಟೆಲಿಗೆ ಕಳಿಸಿದ್ದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಬೆಳಗಿನ ಅನಾಹುತವೆಲ್ಲ ಅದರ ಮೇಲೆಯೇ ನಿಂತಿದೆ. ಈ ಕಾರಿನ ಎಂಜಿನ್ ನಿಲ್ಲಿಸುವುದಕ್ಕೆ ಒಂದು ಸಣ್ಣ ರಬ್ಬರ್ ಪೈಪು ಇರುತ್ತದೆ. ನಲವತ್ತು ವರ್ಷದ ರಬ್ಬರ್ ಆದ್ದರಿಂದ ಕಳೆದ ತಿಂಗಳು ಹರಿದಿದೆ. ಹೊಸದು ಹೈದರಾಬಾದಿನಿಂದ ಬರಬೇಕು, ಬರುತ್ತಲೇ ಇದೆ. ಅಲ್ಲಿಯತನಕ ಕೀಲಿ ತಿರುಗಿಸಿ ಕೈಗೆ ತೆಗೆದುಕೊಂಡರೂ ಎಂಜಿನ್ ಓಡುತ್ತಲೇ ಇರುತ್ತದೆ. ಬಾನೆಟ್ ಎತ್ತಿ, ಎಂಜಿನ್ ಮೇಲಿರುವ ಬೆರಳುದ್ದದ ಹಿಡಿಕೆಯನ್ನು ಒತ್ತಿ ಹಿಡಿದರೆ ಮಾತ್ರ ನಿಲ್ಲುತ್ತದೆ. ಗೊತ್ತಿಲ್ಲದವರು ಡೀಸೆಲ್ ಮುಗಿಯುವತನಕ ಕಾಯಬೇಕು.

ಈ ದಿನ ಬೆಳಿಗ್ಗೆ 6.10ಕ್ಕೆ ಹತ್ತನೇ ತರಗತಿಯ ವಿಶೇಷ ತರಗತಿ ಇದ್ದುದರಿಂದ ನಾನು ಸ್ಕೂಟರ್ ಮೇಲೆ ಜವಳಗೇರಾಕ್ಕೆ ಹೋಗಿದ್ದೆ. ಕಾರಿನ ಕೀಲಿ ನನ್ನ ಬ್ಯಾಗಿನಲ್ಲಿತ್ತು. 9.35ಕ್ಕೆ ಮನೆಗೆ ಬಂದಾಗ ಶೆಡ್ ಖಾಲಿ ಇತ್ತು. ಗಂಡನನ್ನು ಕೇಳಿದೆ. 7.25ರ ಸುಮಾರಿಗೆ ಗಾಡಿ ಚಾಲೂ ಆದ ಸಪ್ಪಳ ಹಾಸಿಗೆಯಲ್ಲಿಯೇ ಕೇಳಿತು, ನೀನೇ ತೆಗೆದುಕೊಂಡು ಹೋದೆ ಎಂದುಕೊಂಡೆ ಎಂದರು. ನನ್ನ ಸ್ಕೂಟರ್ ಆರು ಗಂಟೆಗೇ ಹೋದದ್ದು ಗೊತ್ತಿರಲಿಲ್ಲವೇ ಎಂದು ಕೇಳಿದೆ. ಅದೂ ಕೇಳಿತ್ತಂತೆ. ಎರಡನ್ನೂ ಕೂಡಿಸಿ ನೋಡುವಷ್ಟು ಎಚ್ಚರ ಇರಲಿಲ್ಲವಂತೆ. ತಂದೆಯವರೆಲ್ಲಿ ಎಂದದ್ದಕ್ಕೆ ನರಸಣ್ಣನ ಹೋಟೆಲಿಗೆ ಹೋಗಿರಬೇಕು ಎಂದರು. ಭಾನುವಾರ ಮಧ್ಯಾಹ್ನದವರೆಗೆ ಅಲ್ಲಿ ಕೂರುವುದು ಅವರ ರೂಢಿ. ನಾನು ಹೋಗಿ ನೋಡಲಿಲ್ಲ.

10.05ಕ್ಕೆ ಠಾಣೆಗೆ ಬಂದು ದೂರು ಕೊಟ್ಟೆ. ಇಂಥ ಹಳೇ ಡಬ್ಬಾ ಯಾರು ಒಯ್ಯುತ್ತಾರೆ ಮೇಡಂ ಎಂದು ಇಲ್ಲಿ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಯಾರ ಮೇಲಾದರೂ ಸಂಶಯ ಇದೆಯೇ ಎಂದು ಕೇಳಿದಾಗ ಬಂದೇಸಾಬನ ಹೆಸರು ಹೇಳಿದೆ. ಕಾರಣ, ಜನವರಿ 19ರಂದು ಅವನು ನಮ್ಮ ಮನೆಗೆ ಬಂದು, ಮದುವೆ ಮೆರವಣಿಗೆಗೆ ಗಾಡಿ ಕೊಡುವ ಹೈದರಾಬಾದಿನವರೊಬ್ಬರು ಈ ಕಾರನ್ನು ಕೇಳುತ್ತಿದ್ದಾರೆ ಎಂದಿದ್ದ. ನಾನು ಮಾರುವುದಿಲ್ಲ ಎಂದೆ. ಮಾತಿಗೆ ಮಾತು ಬೆಳೆದು ಗೇಟು ಹಾಕಿಕೊಂಡೆ. ಗೇಟಿನ ಆಚೆಯಿಂದ ಅವನು ಹೇಳಿದ ಮಾತನ್ನು ಬೆಳಗಿನ ದೂರಿನಲ್ಲಿ ಇದ್ದ ಹಾಗೆಯೇ ಬರೆಸಿದ್ದೇನೆ: “ಕೀಲಿ ಜ್ವಾಕಿ ಇಟ್ಕೋರಿ ಟೀಚರ್, ಇಲ್ಲಾಂದ್ರ ಒಂದಿನ ಯಾರರ ಹೊಡ್ಕೊಂಡು ಹೊಕ್ಕಾರ.” ಇದನ್ನು ನಾನು ಬೆದರಿಕೆ ಎಂದು ತಿಳಿದೆ.

ಅವನನ್ನು 11.15ಕ್ಕೆ ಗ್ಯಾರೇಜಿನಿಂದ ಕರೆತಂದರು. ಕೈಗೆ ಗ್ರೀಸ್ ಹಾಗೇ ಇತ್ತು. ಕಾರು ಕಳುವಾಗಿದೆ ಎಂದು ತಿಳಿಸಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ, ಉಸ್ತಾದ್ರು ಮನೆಯಲ್ಲಿದ್ದಾರೆಯೇ ಎಂದು. ನಿನಗೇಕೆ ಅದು ಎಂದು ನಾನೇ ಬಾಯಿ ಮುಚ್ಚಿಸಿದೆ. ಮುಂದೆ ಅವನು ಏನೂ ಮಾತಾಡಲಿಲ್ಲ. ಅವನ ಮೊಬೈಲ್ ತೆಗೆದುಕೊಂಡು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿದರು.

12.20ಕ್ಕೆ ಹೆದ್ದಾರಿ ಗಸ್ತಿನವರಿಂದ ಫೋನ್ ಬಂತು. ಲಿಂಗಸುಗೂರು ಕಡೆಯಿಂದ ಬರುವಾಗ ಮಸ್ಕಿಗೆ ಎರಡು ಕಿ.ಮೀ. ಇರುವಂತೆ, ಬೇವಿನ ಮರದ ನೆರಳಿಗೆ ಬಿಳಿ ಕಾರು ನಿಂತಿದೆ ಎಂದರು. ಎಂಜಿನ್ ಓಡುತ್ತಿದೆಯೇ ಎಂದು ನಾನು ಕೇಳಿಸಿದೆ. ಇಲ್ಲ, ಬಂದ್ ಆಗಿದೆ, ಬಾನೆಟ್ ಮುಚ್ಚಿದೆ, ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಿದೆ ಎಂದರು. ಹಾಗಾದರೆ ಹಿಡಿಕೆ ಒತ್ತುವುದು ಗೊತ್ತಿದ್ದವರೇ ತಂದು ನಿಲ್ಲಿಸಿದ್ದಾರೆ, ಅದು ಗೊತ್ತಿರುವುದು ನನಗೆ ಮತ್ತು ಬಂದೇಸಾಬನಿಗೆ, ನಾನು ಶಾಲೆಯಲ್ಲಿದ್ದೆ, ಆದ್ದರಿಂದ ಇವನೇ ಎಂದು ಎಲ್ಲರ ಮುಂದೆ ಬಿಡಿಸಿ ಹೇಳಿದೆ. ವಿಜ್ಞಾನ ಶಿಕ್ಷಕಿಯಾಗಿ ನನ್ನ ಲೆಕ್ಕದ ಬಗ್ಗೆ ನನಗೆ ಹೆಮ್ಮೆಯೂ ಆಯಿತು. ಗೊತ್ತಿರುವ ಮೂರನೆಯವರನ್ನು ನಾನು ಎಣಿಸಲೇ ಇಲ್ಲ.

ಹತ್ತಿರ ಯಾರಾದರೂ ಸಾಕ್ಷಿ ಇದ್ದಾರೆಯೇ ಎಂದು ಇಲ್ಲಿಯವರು ಕೇಳಿದರು. ಒಬ್ಬ ಮುದುಕ ಕೂತಿದ್ದಾನೆ, ಗಾಡಿ ನಾನೇ ತಂದೆ ಎನ್ನುತ್ತಿದ್ದಾನೆ, ತಲೆ ಸರಿ ಇದ್ದಂತಿಲ್ಲ, ದೂರ ಸರಿಸಿ ಕೂರಿಸಿದ್ದೇವೆ ಎಂದು ಗಸ್ತಿನವರು ಹೇಳಿದರು. ಅದನ್ನು ಕೇಳಿಯೂ ನನಗೆ ಹೊಳೆಯಲಿಲ್ಲ. ಜೀಪು ಬಂದೋಬಸ್ತಿಗೆ ಹೋಗಿದ್ದುದರಿಂದ ಗಂಡನ ಮೋಟಾರ್‌ಸೈಕಲ್ ಹಿಂದೆ ಕೂತು ಹೊರಟೆ.

1.15ಕ್ಕೆ ಸ್ಥಳಕ್ಕೆ ಹೋದೆವು. ಕಾರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಬಿಸಿಲಿನಲ್ಲಿ, ಕಲ್ಲಿನ ಮೇಲೆ ನನ್ನ ತಂದೆಯವರು ಕೂತಿದ್ದರು. ನನ್ನ ಧ್ವನಿ ಕೇಳಿ ಎದ್ದು ನಿಂತು ಮೊದಲು ಹೇಳಿದ್ದು, ನಾಲ್ಕನೇ ಗೇರು ಸರಿಯಾಗಿ ಬೀಳುತ್ತದೆ, ಕ್ಲಚ್ ಮಾತ್ರ ಸ್ವಲ್ಪ ಕೆಳಗೆ ಹಿಡಿಯುತ್ತದೆ, ನೋಡು ಎಂದು. ನನಗೆ ಸಿಟ್ಟಿನಲ್ಲಿ ಕಣ್ಣೀರು ಬಂತು. ಹೆತ್ತ ತಂದೆ ಎಂದು ನೋಡದೆ, ಗಸ್ತಿನವರ ಎದುರಿಗೇ ಬಾಯಿಗೆ ಬಂದ ಹಾಗೆ ಬೈದೆ. ಏನು ಬೈದೆನೆಂದು ಇಲ್ಲಿ ಬರೆಸುವುದಿಲ್ಲ.

ಕೀಲಿ ಎಲ್ಲಿತ್ತು ಎಂದು ಕೇಳಿದಾಗ ಎಲೆ-ಅಡಿಕೆಯ ಚಂಚಿಯಿಂದ ಒಂದು ಕೀಲಿ ತೆಗೆದು ತೋರಿಸಿದರು. ಅದು ಕಾರಿನ ಎರಡನೇ ಕೀಲಿ. 2001ರಲ್ಲಿ ಗಿರಣಿಯವರು ಕೇಳಿದಾಗ ಕಾಲುವೆಯಲ್ಲಿ ಬಿತ್ತು ಎಂದು ಹೇಳಿ ಇಟ್ಟುಕೊಂಡಿದ್ದರಂತೆ. ಅದೇ ಚಂಚಿಯನ್ನು ನಾನು ಎಷ್ಟು ಸಲ ಒಗೆಯಲು ಕೇಳಿದ್ದೇನೋ ಲೆಕ್ಕವಿಲ್ಲ, ಒಮ್ಮೆಯೂ ಕೊಟ್ಟಿರಲಿಲ್ಲ.

ಮೀಟರ್ ನೋಡಿದೆ. ಕಳೆದ ಭಾನುವಾರ ಶೆಡ್ಡಿನ ಗೋಡೆಯ ಮೇಲೆ ನಾನು ಬರೆದಿಟ್ಟ ಅಂಕಿಗಿಂತ 81 ಕಿ.ಮೀ. ಹೆಚ್ಚು ಓಡಿತ್ತು. ಲಿಂಗಸುಗೂರಿಗೆ 55, ಹೊರಳಿ ಇಲ್ಲಿಗೆ 26. ಪ್ರತಿ ಭಾನುವಾರ ಸಾಹುಕಾರರನ್ನು ಕರೆದೊಯ್ಯುತ್ತಿದ್ದ ದಾರಿಯಲ್ಲಿಯೇ ಪೂರ್ತಿ ಹೋಗಿ, ಬಸ್ ನಿಲ್ದಾಣದ ಎದುರಿಗೆ ಚಹಾ ಕುಡಿದು ಹೊರಳಿದ್ದರು. ಹೋಗುವಾಗ ಸೂರ್ಯ ಬೆನ್ನಿಗಿದ್ದ, ತೊಂದರೆಯಾಗಲಿಲ್ಲ. ಬರುವಾಗ ಎದುರಿಗೆ ಬಂದ. ಪೊರೆ ಬಂದ ಕಣ್ಣಿಗೆ ಎದುರಿನ ಬಿಸಿಲು ಏನು ಮಾಡುತ್ತದೆ ಎಂಬುದನ್ನು ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ನಿಲ್ಲಿಸಿದ್ದೇಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: “ಹಾದಿ ಎರಡಾಗಿ ಕಾಣಾಕತ್ತಿತ್ತಬೇ ಯವ್ವಾ, ಯಾವ್ದು ಖರೇ ತಿಳೀಲಿಲ್ಲ. ಮುಂದ ಕುರಿ ಅಡ್ಡ ಬಂದಿದ್ದೂ ಕಾಣಲಿಲ್ಲ, ಗಂಟಿ ಸಪ್ಪಳ ಕೇಳಿ ಬ್ರೇಕ್ ಹಾಕೀನಿ.”

ಕುರಿಗೂ ಕುರುಬರಿಗೂ ಏನೂ ಆಗಿಲ್ಲ ಎಂದು ಗಸ್ತಿನವರಿಂದ ಖಚಿತಪಡಿಸಿಕೊಂಡಿದ್ದೇನೆ. ಆ ಮೇಲೆ ಮೂರೂವರೆ ಗಂಟೆ ಅವರು ಮುಂದೆಯೂ ಹೋಗಲಾಗದೆ, ಗಾಡಿ ಬಿಟ್ಟು ಬರಲೂ ಮನಸ್ಸಾಗದೆ ಅಲ್ಲೇ ಕೂತಿದ್ದರು. ಮೊಬೈಲ್ ಮನೆಯಲ್ಲಿತ್ತು, ಚಾರ್ಜಿಗೆ.

ಅಲ್ಲಿಂದ ನಾನೇ ಕಾರು ಹೊಡೆದುಕೊಂಡು ಬಂದೆ. ತಂದೆಯವರು ಪಕ್ಕದಲ್ಲಿ ಕೂತಿದ್ದರು. 2.35ಕ್ಕೆ ಠಾಣೆಯ ಮುಂದೆ ಬಂದು, ತಲೆ ಕೆಟ್ಟಿದ್ದರಿಂದ ಕೀಲಿ ಕಿತ್ತುಕೊಂಡು ನೇರವಾಗಿ ಒಳಗೆ ಬಂದೆ. ಎಂಜಿನ್ ಹೊರಗೆ ಗಡಗಡ ಎನ್ನುತ್ತಲೇ ಇತ್ತು. ಠಾಣೆಯ ತುಂಬ ಹೊಗೆ ಬರುತ್ತಿದೆ, ಯಾರಾದರೂ ಬಂದ್ ಮಾಡಿ ಎಂದು ಒಳಗಿನಿಂದ ಕೂಗಿದರು. ಆಗ ಬಂದೇಸಾಬ ಬೆಂಚಿನಿಂದ ಎದ್ದು ಹೊರಗೆ ಹೋಗಿ, ಬಾನೆಟ್ ಎತ್ತಿ, ಹಿಡಿಕೆ ಒತ್ತಿ ನಿಲ್ಲಿಸಿ, ಬಾನೆಟ್ ಮುಚ್ಚಿ, ವಾಪಸ್ ಬಂದು ಅದೇ ಬೆಂಚಿನ ಮೇಲೆ ಅದೇ ಜಾಗದಲ್ಲಿ ಕೂತ. ಹೋಗು ಎಂದು ಅವನಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ತಂದೆಯವರು ಬೆಂಚಿನ ಕಡೆ ಹೋಗಿ ಹತ್ತಿರದಿಂದ ಮುಖ ನೋಡಿ, ಇವನೇಕೆ ಇಲ್ಲಿದ್ದಾನೆ ಎಂದು ನನ್ನನ್ನು ಕೇಳಿದರು. ನಾನು ಹೆಸರು ಕೊಟ್ಟಿದ್ದೇನೆ ಎಂದು ಹೇಳಬೇಕಾಯಿತು. ಹೇಳಿದೆ. ಆ ಮೇಲೆ ಬಂದೇಸಾಬನಿಗೆ, ನಿನಗೆ ಗೊತ್ತಿದ್ದರೆ ಏಕೆ ಬಾಯಿ ಬಿಡಲಿಲ್ಲ ಎಂದು ಅವನ ಮೇಲೆಯೇ ಸಿಟ್ಟು ಮಾಡಿದೆ. ಅವನು ಹೇಳಿದ್ದು ಹೀಗೆ: “ಬಂದ ಕೂಡ್ಲೆ ಗೊತ್ತಾತ್ರಿ ಟೀಚರ್. ಹೇಳಿದ್ರ ಹಾದ್ಯಾಗ ಹಿಡದು ಉಸ್ತಾದ್ರನ್ನ ಇಳಸ್ತಿದ್ರು. ಗುರುವಾರ ಆಪರೇಶನ್ ಐತಿ, ಇದೊಂದ್ ಸಲ ಪೂರಾ ಹೊಡದು ಬರ್ಲಿ ಅಂತ ಕುಂತೆ. ಕಣ್ಣು ಇಷ್ಟ್ ಹೋಗ್ಯಾವಂತ ನಂಗ ಗೊತ್ತಿದ್ದಿಲ್ರಿ.”

ನನಗೂ ಗೊತ್ತಿರಲಿಲ್ಲ. ತಂದೆಯವರು ಯಾರಿಗೂ ಹೇಳಿರಲಿಲ್ಲ. ಜನವರಿ 19ರಂದು ಗೇಟಿನ ಆಚೆಯಿಂದ ಬಂದೇಸಾಬ ಯಾರ ವಿಷಯ ಎಚ್ಚರಿಸಿದ್ದ ಎಂಬುದು ನನಗೆ ಆಗ ಅರ್ಥವಾಯಿತು. ಅವನ ಕ್ಷಮೆ ಕೇಳಿದೆ. ಹೈದರಾಬಾದಿನ ಪೈಪು ಬಂತೇ ಎಂದು ಕೇಳಿದ.

ಕಾರು ಕಳುವಾಗಿರುವುದಿಲ್ಲ. ಬಂದೇಸಾಬನಿಗೂ ಇದಕ್ಕೂ ಯಾವ ಸಂಬಂಧವೂ ಇರುವುದಿಲ್ಲ. ಬೆಳಗಿನ ದೂರಿನಲ್ಲಿರುವ ಅವನ ಹೆಸರನ್ನು ಹೊಡೆದುಹಾಕಲು ಕೋರಿದೆ. ಒಮ್ಮೆ ಬರೆದದ್ದನ್ನು ಹೊಡೆಯಲು ಬರುವುದಿಲ್ಲ, ಮೇಲೆ ಇನ್ನೊಂದು ಹೇಳಿಕೆ ಬರೆಸಬಹುದು ಅಷ್ಟೇ ಎಂದು ತಿಳಿಸಿದರು. ಆದ್ದರಿಂದ ಇದನ್ನು ಬರೆಸಿದ್ದೇನೆ. ಅವನ ಮೊಬೈಲ್ ಕೊಟ್ಟು, ಹೋಗು ಎಂದು ಬಾಯಿಬಿಟ್ಟು ಹೇಳಬೇಕೆಂದು ಕೋರುತ್ತೇನೆ. ಲೈಸೆನ್ಸ್ ಇಲ್ಲದೆ ನನ್ನ ಕಾರು ರಸ್ತೆಗೆ ಹೋದದ್ದಕ್ಕೆ ಏನು ಕ್ರಮ ಇದೆಯೋ ಅದನ್ನು ಕಾರಿನ ಒಡತಿಯಾದ ನನ್ನ ಮೇಲೆ ತೆಗೆದುಕೊಳ್ಳಬೇಕು.

ಈ ಸಾಲು ಬರೆಯುವಾಗ ತಂದೆಯವರು ತಾವಾಗಿ ಮೇಜಿನ ಹತ್ತಿರ ಬಂದು ಎರಡನೇ ಕೀಲಿಯನ್ನು ಇಟ್ಟಿರುತ್ತಾರೆ. ಮಗಳು ವಶಪಡಿಸಿಕೊಂಡಳು ಎಂದು ಬರೆಯಲೇ ಎಂದು ಬರೆದುಕೊಳ್ಳುವವರು ಕೇಳಿದರು. ಅದಕ್ಕೆ ಅವರು ಹೇಳಿದ ಮಾತನ್ನು ಅವರ ಕೋರಿಕೆಯಂತೆ ಹಾಗೆಯೇ ಸೇರಿಸಿದೆ: “ಹಂಗ ಬರೀಬ್ಯಾಡ್ರಿ ಸಾಹೇಬ್ರ. ನಾನಾಗೇ ಕೊಟ್ಟೀನಿ ಅಂತ ಬರ್ಕೋರಿ. ಯಾರೂ ಕಸಗೊಂಡಿಲ್ಲ.”

ನಾನು ಹೇಳಿದ ಪ್ರಕಾರವೇ ಬರೆದಿದೆ, ಇದರಲ್ಲಿ ಸುಳ್ಳಿಲ್ಲ. ಬೆಳಗಿನ ದೂರಿನ ಕೆಳಗೂ ಇದೇ ಮಾತು ಬರೆಸಿ ಸಹಿ ಮಾಡಿದ್ದೆ. ಆದ್ದರಿಂದ ಈ ಸಲ ಎರಡು ಬಾರಿ ಓದಿಸಿ ಕೇಳಿ, ಬಂದೇಸಾಬನಿಗೂ ಓದಿ ಹೇಳಿಸಿ, ಆ ಮೇಲೆ ಸಹಿ ಮಾಡಿರುತ್ತೇನೆ.

ಸ್ಥಳ: ಸಿಂಧನೂರು
ದಿನಾಂಕ: 09-02-2025, ಸಂಜೆ 4.30
(ಸಹಿ) ಪಂಪಾವತಿ
ಸಾಕ್ಷಿ: (ಸಹಿ) ಬಂದೇಸಾಬ