ಒಂದು ಮೊಳ ಕೆಳಗಿನ ಗೆರೆ

ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ನನ್ನ ಅಕ್ಕನ ಗಂಡನಿಗೇ ಆದದ್ದು. ಭಾವ ಅಂತ ಮರ್ಯಾದೆ ಕೊಡಬೇಕು, ಆದ್ರೆ ನನಗಿನ್ನೂ ಸಿಟ್ಟಿದೆ. ಏಕವಚನದಲ್ಲೇ ಹೇಳ್ತೀನಿ.

ಭಾವ ಕಲ್ಲು ಕೆತ್ತೋನು. ಈ ಹೊಳೆ ಕಣಿವೆಯ ಚರಿತ್ರೆ ಯಾವ ಪುಸ್ತಕದಲ್ಲೂ ಇಲ್ಲ, ಸೇತುವೆ ಕಂಬದ ಮೇಲಿದೆ. ನೆರೆ ಇಳಿದ ಮೇಲೆ, ನೀರು ಎಲ್ಲಿವರೆಗೆ ಬಂದಿತ್ತೋ ಅಲ್ಲೊಂದು ಗೆರೆ, ಪಕ್ಕದಲ್ಲಿ ಇಸವಿ. ಅಜ್ಜನ ಅಜ್ಜನ ಕಾಲದಿಂದ ಹೀಗೇ. ಇಲ್ಲಿನ ಜನ ದೇವರನ್ನ ನಂಬದಿದ್ರೂ ಆ ಗೆರೆ ನಂಬ್ತಾರೆ. ಅದಕ್ಕಿಂತ ಮೇಲೆ ಮನೆ ಕಟ್ಟಿ ನಿಶ್ಚಿಂತೆಯಾಗಿ ಮಲಗ್ತಾರೆ.

ಆ ದೊಡ್ಡ ನೆರೆಯ ವರ್ಷ ಭಾವನಿಗೆ ಏಣಿ ಹೊರೋಕೆ ಸೋಮಾರಿತನ. ಕೈಗೆಟುಕಿದಲ್ಲಿ ಕೆತ್ತಿ ಬಂದ, ಒಂದು ಮೊಳ ಕೆಳಗೆ. "ಯಾರು ಅಳೀತಾರೆ ಬಿಡೆ" ಅಂದ ಅಕ್ಕನ ಹತ್ರ. ತನ್ನ ಮನೆ ಮಾತ್ರ ಗುಡ್ಡದ ಮೇಲೆ ಕಟ್ಕೊಂಡ, ಕಿಲಾಡಿ. ನಮ್ಮೂರ ಕುಂಬಾರ ಆ ಗೆರೆ ನಂಬಿ, ಅದಕ್ಕಿಂತ ಗೇಣುದ್ದ ಮೇಲೆ ಮನೆ ಕಟ್ಟಿದ. ಮುಂದಿನ ನೆರೆಗೆ ಅವನ ಹೆಂಡತಿ, ತೊಟ್ಟಿಲ ಮಗು... ಇಬ್ರೂ ಕೊಚ್ಚಿ ಹೋದ್ರು. ಗೆರೆ ತಪ್ಪು ಅಂತ ಭಾವ ಯಾರಿಗೂ ಹೇಳಲಿಲ್ಲ.

ಅವರು ಹೋಗಿ ಎರಡು ತಿಂಗಳಾಗಿತ್ತು. ಹೊಳೇಲಿ ಮೊಣಕಾಲುದ್ದ ನೀರು. ಭಾವ ರಾತ್ರಿ ತಡವಾಗಿ ಆಲದಮರ ದಾಟಿ ಸೇತುವೆಗೆ ಬಂದ... ಟಣ್... ಟಣ್... ಕಲ್ಲಿಗೆ ಉಳಿ ತಾಗೋ ಸದ್ದು. ಆಮೇಲೆ ಚೂರು ನೀರಿಗೆ ಬೀಳೋದು... ಪುಳಕ್.

ಕಂಬದ ಹತ್ರ ಕುಂಬಾರನ ಹೆಂಡತಿ. ಬೆನ್ನು ಹಾಕಿ ನಿಂತಿದ್ದಾಳೆ.

"ಮೇಸ್ತ್ರಿ... ನೀರು ಎಲ್ಲಿವರೆಗೆ ಬಂದಿತ್ತು?"

"ಇನ್ನೂ... ಒಂದು ಮೊಳ ಮೇಲೆ."

"ಗೊತ್ತಿತ್ತಾ?"

"ಗೊತ್ತಿತ್ತು ತಾಯಿ..."

"ನಿನ್ನ ಮಗಳು ಎಲ್ಲಿ ಮಲಗ್ತಾಳೆ?"

ಇದ್ದವಳು ಒಬ್ಬಳೇ, ಏಳು ವರ್ಷದ್ದು. ಒಂದು ಸುಳ್ಳು ಹೇಳಬಾರದಿತ್ತಾ ಆ ಮುಠ್ಠಾಳ? "ಗುಡ್ಡದ ಮನೇಲಿ... ಕಿಟಕಿ ಪಕ್ಕ. ಅಲ್ಲಿಗೆ ನೀರು ಬರಲ್ಲ" ಅಂದ.

"ಎಷ್ಟು ಮೇಲೆ?"

"ಈ ಗೆರೆಯಿಂದ... ಮೂರಾಳೆತ್ತರ."

"ಆಗ್ಲಿ" ಅಂದಳು. "ಏಣಿ ನಾನು ತರ್ತೀನಿ."

ಭಾವ ಗುಡ್ಡ ಹತ್ತಿ ಓಡಿದ. ಬಾಗಿಲ ಅಗಳಿ ಒಳಗಿಂದ ಹಾಕಿದ ಹಾಗೇ ಇತ್ತು. ಅಕ್ಕ ಎದ್ದು ತೆಗೆದಳು. ಕಿಟಕಿ ಪಕ್ಕ ಕೂಸು ಮಲಗಿತ್ತು, ಮುಟ್ಟಿದ್ರೆ ತಣ್ಣಗೆ.

ಬೆಳಿಗ್ಗೆ ನನ್ನ ಕರೆಸಿದ್ರು. ಮೈ ತೊಳೆದದ್ದು ಈ ಕೈಗಳೇ. ಬಾಯಿ ತುಂಬ ಹೊಳೆ ಮರಳು, ನಾನೇ ಬೆರಳು ಹಾಕಿ ತೆಗೆದೆ. ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದುಹೋಗ್ಲಿ. ಹಾಸಿಗೆ ಮಾತ್ರ ಒಂಚೂರೂ ಒದ್ದೆಯಾಗಿರಲಿಲ್ಲ.