ಗೆಸ್ಟುಗಳ ನೀರು

ಆಲದ ಮರ ಇಲ್ಲ, ಪಾಳುಬಾವಿ ಇಲ್ಲ, ಈ ಮರಳುಗಾಡಿನಲ್ಲಿ ಎಂತ ದೆವ್ವ ಮಾರಾಯ ಎಂದು ನಗುತ್ತೀರಿ. ನಗಿ. ಮೊದಲು ಆ ಲೈಟ್ ಆರಿಸಿ, ಫೋನು ಮಗುಚಿ ಇಡಿ, ಆಮೇಲೆ ನಗಿ.

ಇದು ನನ್ನ ಚಿಕ್ಕಪ್ಪನ ಮಗ ತಿಲಕನಿಗೆ ಆದದ್ದು. ಇದೇ ಅಬುಧಾಬಿಯಲ್ಲಿ. ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ನನ್ನ ವೀಸಾ ಖಲಾಸ್. ಸಮುದ್ರದ ಬದಿಯಲ್ಲಿ ಹೊಳೆಯುವುದನ್ನು ಬಸ್ಸಿನಿಂದ ನೋಡಿದ್ದೀರಿ. ಒಳಗೆ ನೋಡಿಲ್ಲ. ನಮ್ಮಂಥವರನ್ನು ಬಿಡುವುದು ಹಿಂದಿನ ಬಾಗಿಲಿನಿಂದ, ಅದೂ ರಿಪೇರಿಗೆಂದು ಕೈಯಲ್ಲಿ ಪಾನಾ ಇದ್ದರೆ. ಅಲ್ಲಿ ಕಾಫಿಯ ಮೇಲೆ ಚಿನ್ನದ ಪುಡಿ ಉದುರಿಸಿ ಕೊಡುತ್ತಾರೆ. ಕುಡಿದವರು ಮರುದಿನ ಬೆಳಿಗ್ಗೆ ಆ ಚಿನ್ನವನ್ನು ಎಲ್ಲಿ ಬಿಡುತ್ತಾರೆಂದು ಬೇರೆ ಹೇಳಬೇಕಾ? ತಲೆದಿಂಬಿಗೂ ಒಂದು ಮೆನು ಉಂಟಂತೆ. ಯಾವ ದಿಂಬಿನ ಮೇಲೆ ತಲೆ ಇಡುವುದು ಎಂದು ಆರಿಸಬೇಕು. ತಲೆಯೊಳಗೆ ಏನೂ ಇಲ್ಲದವರಿಗೆ ಎಷ್ಟು ಕಷ್ಟ ನೋಡಿ.

ತಿಲಕ ಮುಸಫ್ಫಾದ ಒಂದು ಕಂಪನಿಯಲ್ಲಿ ವೆಲ್‌ಫೇರ್ ಮ್ಯಾನೇಜರ್. ಕಾರ್ಡಿನಲ್ಲಿ ಹಾಗೆ ಬರೆದಿದೆ. ಕೆಲಸ ಎಂತದೆಂದರೆ ಲೇಬರ್ ಕ್ಯಾಂಪಿನ ಹುಡುಗರು ಬಾಯಿ ಬಿಡದ ಹಾಗೆ ನೋಡಿಕೊಳ್ಳುವುದು. ಅದಕ್ಕೆ ಅವನಿಗೆ ದುಡ್ಡಿದ್ದವರ ಅಲ್ ರೀಮ್ ಐಲ್ಯಾಂಡಿನಲ್ಲಿ ಫ್ಲ್ಯಾಟು. ಆ ಹೋಟೆಲಿನ ಎಸಿಯ ಕೆಲಸವೆಲ್ಲ ಅವನ ಕಂಪನಿಯದ್ದೇ. ವರ್ಷವಿಡೀ ಕೆಲಸದ ಜಾಗದಲ್ಲಿ ಒಂದೇ ಒಂದು ಸಾವು ಆಗಲಿಲ್ಲ ಎಂದು ಕಂಪನಿ ಅವನಿಗೆ ಪ್ರೈಜ್ ಕೊಟ್ಟಿತು. ಗಂಡ ಹೆಂಡತಿ ಒಂದು ರಾತ್ರಿ ಅಲ್ಲಿ ಗೆಸ್ಟುಗಳಾಗಿ ಉಳಿಯಬಹುದು.

ಒಂದೇ ಒಂದು ಸಾವು ಆಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಆ ಆಗಸ್ಟಿನಲ್ಲಿ ಚನಿಯ ಸತ್ತಿದ್ದ. ನಮ್ಮ ಊರಿನವನೇ. ವೀಸಾ ಕೊಡಿಸಿ ಕರೆದು ತಂದದ್ದು ಇದೇ ತಿಲಕ. ಎಸಿ ಮೆಕ್ಯಾನಿಕ್ಕಿನ ಹೆಲ್ಪರ್ ಆಗಿದ್ದ. ಮುಸಫ್ಫಾದ ಕ್ಯಾಂಪಿನ ರೂಮಿನಲ್ಲಿ, ನಿದ್ದೆಯಲ್ಲೇ ಹೋದ ಎಂದು ಕಂಪನಿ ಹೇಳಿತು. ಕ್ಯಾಂಪಿನ ವಾಚ್‌ಮನ್ ಝುಬೈರ್ ನನ್ನ ಹತ್ತಿರ ಗುಟ್ಟಾಗಿ ಬೇರೆಯೇ ಹೇಳಿದ. "ಅವನು ಗೇಟಿನೊಳಗೆ ಬರುವಾಗಲೇ ಮಲಗಿಕೊಂಡು ಬಂದ ಭಾಯ್. ಪಿಕಪ್ಪಿನ ಹಿಂದೆ." ಎಲ್ಲಿಂದ ಎಂದು ಝುಬೈರನಿಗೂ ಗೊತ್ತಿರಲಿಲ್ಲ.

ನಮ್ಮ ಕರಾವಳಿಯಲ್ಲಿ ಸತ್ತವರಿಗೆ ಬಡಿಸುವ ಕ್ರಮ ಉಂಟಲ್ಲ. ಎಲೆ ಹಾಕಿ, ಅನ್ನ ಕೋಳಿಸಾರು ಬಡಿಸಿ, ದೀಪ ಇಟ್ಟು, ಹೆಸರು ಹಿಡಿದು ಕರೆಯುವುದು. ದೂರದಲ್ಲಿ ಸತ್ತವರನ್ನು ಸತ್ತ ಜಾಗದ ಹೆಸರು ಹೇಳಿ ಕರೆಯಬೇಕು. ಮತ್ತೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ತೆರೆಯುವ ಮೊದಲು ಮೂರು ಸಲ ತಟ್ಟಬೇಕು. ಉಣ್ಣುತ್ತಿದ್ದವರು ಎದ್ದು ಹೋಗಲಿ ಎಂದು. ಚನಿಯನ ಹೆಂಡತಿ ಜಲಜಾಕ್ಷಿ ಮುಸಫ್ಫಾದ ಹೆಸರು ಹೇಳಿ ಕರೆದಳು. ಇನ್ನೊಂದು ಅಮಾವಾಸ್ಯೆಗೆ ಮತ್ತೆ ಕರೆದಳು. ಅನ್ನದಲ್ಲಿ ಬೆರಳಿನ ಗುರುತೇ ಇಲ್ಲ. ಮನುಷ್ಯ ಬಂದೇ ಇಲ್ಲ.

ಅವಳು ತಿಲಕನಿಗೆ ಫೋನ್ ಮಾಡಿದಳು. "ತಿಲಕಣ್ಣ, ನಿಮ್ಮ ಕಾಲು ಹಿಡೀತೇನೆ. ಅವರು ಹೋದದ್ದು ನಿಜವಾಗಿ ಎಲ್ಲಿ? ಹೇಳಿ. ನನಗೆ ಬೇರೆ ಎಂತದೂ ಬೇಡ."

"ರೂಮಲ್ಲೇ ಅಂತ ಎಷ್ಟು ಸಲ ಹೇಳುವುದು ಮಾರಾಯ್ತಿ?" ಎಂದು ಇಟ್ಟುಬಿಟ್ಟ.

ಈಗ ಕೇಳಿ.

ಪ್ರೈಜಿನ ರಾತ್ರಿ. ಪಾರ್ಟಿ ಮುಗಿಸಿ, ಕುಡಿದು, ತಿಲಕ ಮತ್ತು ಅವನ ಹೆಂಡತಿ ಅಶ್ಮಿತಾ ರೂಮಿಗೆ ನಡೆದುಕೊಂಡು ಹೋದರು. ಆ ವರಾಂಡ ಊರಿನ ಗದ್ದೆಯ ಅಂಚಿನಷ್ಟು ಉದ್ದ. ಕಾರ್ಪೆಟ್ ಎಷ್ಟು ದಪ್ಪವೆಂದರೆ ಹೆಜ್ಜೆಯ ಸದ್ದೇ ಇಲ್ಲ. ಆದರೆ ಹಿಂದಿನಿಂದ ಒಂದು ಸದ್ದು ಬರುತ್ತಿತ್ತು. ಸರಕ್… ಸರಕ್… ಭಾರದ ಬೂಟು ಎಳೆದ ಹಾಗೆ. ಅಶ್ಮಿತಾ ತಿರುಗಿ ನೋಡಿದಳು. ಯಾರೂ ಇಲ್ಲ.

"ಕೇಳ್ತಾ ಉಂಟಾ?"

"ರೂಮ್ ಸರ್ವಿಸ್ ಇರ್ಬೇಕು. ಬಾ ನೀನು."

ರೂಮು ಅಂದರೆ ರೂಮಲ್ಲ, ಒಂದು ಮನೆ. ಮಲಗುವ ಕೋಣೆ ಬೇರೆ, ಉಣ್ಣುವ ಕೋಣೆ ಬೇರೆ. ಉಣ್ಣುವ ಕೋಣೆಯಲ್ಲಿ ಹೋಟೆಲಿನವರು ಬಡಿಸಿಯೇ ಇಟ್ಟಿದ್ದರು. ಸಿಗಡಿ, ಕುರಿಯ ತೊಡೆ, ಹೆಸರು ಗೊತ್ತಿಲ್ಲದ ಮತ್ತೆಂತದೆಲ್ಲ. ಗಾಜಿನ ಬಾಟಲಿಗಳಲ್ಲಿ ಯಾವುದೋ ದೇಶದ ಬೆಟ್ಟದ ನೀರು. ಒಂದು ಮೇಣದ ಬತ್ತಿ. ಇಬ್ಬರ ಹೊಟ್ಟೆಯಲ್ಲೂ ಸಾಸಿವೆಯಷ್ಟು ಜಾಗ ಇರಲಿಲ್ಲ. ಉಣ್ಣುವುದಕ್ಕಲ್ಲವಲ್ಲ, ಊರಿನವರ ಹೊಟ್ಟೆ ಉರಿಸುವುದಕ್ಕೆ. ಅಶ್ಮಿತಾ ವಿಡಿಯೋ ಮಾಡಿದಳು. ತಿಲಕ ಎಸಿಯ ಗಾಳಿಗೆ ಅಂಗಿ ಬಿಚ್ಚಿ ನಿಂತು ಹೇಳಿದ, "ಎಂತ ತಂಪು ಮಾರಾಯ್ತಿ! ನಮ್ಮ ಚನಿಯ ಮಾಡಿದ ತಂಪು. ಬಾರೋ ಚನಿಯ! ಉಣ್ಣು ಬಾ!"

"ಥೂ! ಸತ್ತವರ ಹೆಸರು ಹಿಡಿದು ಊಟಕ್ಕೆ ಕರೀತೀರಲ್ಲ, ಮಂಡೆ ಸರಿ ಉಂಟಾ ನಿಮ್ಗೆ?"

ತಿಲಕ ನಕ್ಕ. ಲೈಟ್ ಆರಿಸಿದ. ಬತ್ತಿ ಉರಿಯುತ್ತಲೇ ಇತ್ತು. ಬಾಗಿಲು ಎಳೆದುಕೊಂಡು ಇಬ್ಬರೂ ಮಲಗಿದರು.

ಎಲೆಯ ಬದಲು ಪಿಂಗಾಣಿ, ದೀಪದ ಬದಲು ಬತ್ತಿ. ಹೆಸರು ಕರೆದಾಗಿದೆ, ಬಾಗಿಲು ಮುಚ್ಚಿಯಾಗಿದೆ. ಕತ್ತೆಗೆ ತಾನು ಮಾಡಿದ್ದೇನೆಂದು ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ… ಕಿರ್ರ್… ಕಲ್ಲಿನ ನೆಲದ ಮೇಲೆ ಕುರ್ಚಿ ಎಳೆದ ಸದ್ದು.

ಮತ್ತೆ… ಟಿಕ್. ಬಾಟಲಿಯ ಮುಚ್ಚಳದ ಸೀಲು ಒಡೆದದ್ದು.

ಮತ್ತೆ… ಗುಟುಕ್… ಗುಟುಕ್… ಗುಟುಕ್… ಉಸಿರು ತೆಗೆಯದೆ. ಠಕ್. ಬಾಟಲಿ ಕೆಳಗಿಟ್ಟ ಸದ್ದು. ಇನ್ನೊಂದು. ಟಿಕ್. ಗುಟುಕ್… ಗುಟುಕ್…

ಅಶ್ಮಿತಾ ಅವನ ತೋಳು ಹಿಡಿದಳು. "ತಟ್ಟಿ," ಎಂದು ಪಿಸುಗುಟ್ಟಿದಳು. "ಮೊದಲು ಬಾಗಿಲು ತಟ್ಟಿ."

"ಹುಚ್ಚಾ? ನಮ್ಮ ರೂಮಿನ ಬಾಗಿಲು ನಾನು ತಟ್ಟುವುದಾ? ಇಲ್ಲಿ ಗೆಸ್ಟ್ ಯಾರು?"

ತಟ್ಟಲಿಲ್ಲ. ತೆರೆದ. ಅಶ್ಮಿತಾ ಅವನ ಬೆನ್ನ ಹಿಂದೆಯೇ ಇದ್ದಳು.

ಬತ್ತಿ ಸಣ್ಣಗೆ ಉರಿಯುತ್ತಿತ್ತು. ಕುರ್ಚಿಯನ್ನು ಬದಿಗೆ ಸರಿಸಿ, ಒಬ್ಬ ನೆಲದ ಮೇಲೆ ಚಕ್ಕಳಮಕ್ಕಳ ಕೂತಿದ್ದ. ಬೆನ್ನು ಇವರ ಕಡೆಗೆ. ಕಂಪನಿಯ ಯೂನಿಫಾರ್ಮು, ನೀಲಿ ಡಾಂಗ್ರಿ. ಬೆನ್ನಿನ ಬೆಳ್ಳಿ ಪಟ್ಟಿಯ ಮೇಲೆ ಬತ್ತಿಯ ಬೆಳಕು ಆಡುತ್ತಿತ್ತು. ಸಿಗಡಿ ಮುಟ್ಟಿರಲಿಲ್ಲ. ಮಾಂಸ ಮುಟ್ಟಿರಲಿಲ್ಲ. ಸುತ್ತ ಖಾಲಿ ಬಾಟಲಿಗಳು.

ತಿರುಗಲಿಲ್ಲ. ಪಿಸುಮಾತಿನಲ್ಲಿ ಕೇಳಿದ…

"ತಿಲಕಣ್ಣ… ಇದು ಗೆಸ್ಟುಗಳದ್ದಲ್ವಾ? ಕುಡಿದ್ರೆ ಬೈತಾರಾ?"

ತಿಲಕ ಬಾಗಿಲಿನ ಹಿಡಿ ಬಿಡದೆ ಒಂದು ಹೆಜ್ಜೆ ಹಿಂದೆ ಸರಿದ.

"ಮೇಲೆ ತುಂಬಾ ಬಿಸಿ ತಿಲಕಣ್ಣ… ನೀರು ಬೇಕು ಅಂತ ಎಷ್ಟು ಕರೆದೆ… ಯಾರೂ ತರ್ಲಿಲ್ಲ."

ಹಲ್ಲು ಕಟಕಟ ಅನ್ನುವ ಸದ್ದು ಕೇಳಿತಂತೆ. ಅದು ತನ್ನದೇ ಹಲ್ಲು ಎಂದು ತಿಲಕನಿಗೆ ಆಮೇಲೆ ಗೊತ್ತಾಯಿತು.

"ನನ್ನನ್ನು ರೂಮಿಗೆ ಯಾಕೆ ತಕೊಂಡು ಹೋದ್ರಿ? ಜಲಜ ಅಲ್ಲಿ ಕರೀತಾಳೆ… ನಾನು ಅಲ್ಲಿ ಇಲ್ಲ."

ಫಕ್ ಎಂದು ಬತ್ತಿ ಆರಿತು.

ರಾತ್ರಿ ಮೂರು ಗಂಟೆಗೆ ನನಗೆ ಫೋನು. ಮುಸಫ್ಫಾದಿಂದ ಕಂಪನಿಯ ಬಸ್ಸು ಓಡಿಸುವವನು ನಾನು. ಈ ತಿಲಕ ನನ್ನನ್ನು ಮದುವೆಗೆ ಕರೆದಿರಲಿಲ್ಲ, ಇವನು ಬಂದರೆ ಯೂನಿಯನ್ ಭಾಷಣ ಮಾಡುತ್ತಾನೆ, ಮರ್ಯಾದೆ ಹೋಗುತ್ತದೆ ಎಂದು. ಆವತ್ತು ಅಣ್ಣಾ ಅಣ್ಣಾ ಎಂದು ಅಳುತ್ತಿದ್ದ. ಹೋದೆ. ಲಾಬಿಯ ನಡುವೆ, ಆಳೆತ್ತರದ ಹೂದಾನಿಯ ಕೆಳಗೆ, ಗಂಡ ಹೆಂಡತಿ ಹೋಟೆಲಿನ ಬಿಳಿ ನಿಲುವಂಗಿಯಲ್ಲಿ ಕೂತಿದ್ದರು. ತೋಯ್ದ ಕೊಕ್ಕರೆಗಳ ಹಾಗೆ.

ಎಲ್ಲ ಹೇಳಿದ. ರೂಮಿನಲ್ಲಿ ಆದದ್ದು, ಮತ್ತೆ ಆಗಸ್ಟಿನಲ್ಲಿ ಆದದ್ದು. ಯಾರೋ ಗೆಸ್ಟಿಗೆ ಲಾಬಿ ಸ್ವಲ್ಪ ಬೆಚ್ಚಗೆ ಅನಿಸಿತಂತೆ. ಉರಿಬಿಸಿಲಿನ ಹೊತ್ತು ಹೊರಗೆ ಕೆಲಸ ಮಾಡಿಸಬಾರದು ಎಂಬ ಕಾನೂನು ಈ ದೇಶದಲ್ಲೇ ಉಂಟು. ಆದರೂ ಚನಿಯನನ್ನು ಟೆರೇಸಿಗೆ ಹತ್ತಿಸಿದರು. ಕೆಳಗೆ ಇವರಿಗೆ ತಂಪು ಮಾಡಲು ಎಸಿಯ ಮಿಷನುಗಳು ಮೇಲೆ ಬೆಂಕಿಯಂಥ ಗಾಳಿ ಉಗುಳುತ್ತವೆ. ಅದರ ನಡುವೆ ಬಿದ್ದ. ಸಾಮಾನಿನ ಲಿಫ್ಟಿನಲ್ಲಿ ಇಳಿಸಿ, ಪಿಕಪ್ಪಿನಲ್ಲಿ ಹಾಕಿ, ಕ್ಯಾಂಪಿನ ಮಂಚದಲ್ಲಿ ಮಲಗಿಸಿ, ಆಮೇಲೆ ಆಂಬುಲೆನ್ಸ್ ಕರೆದರು. ಪಿಕಪ್ಪಿನಲ್ಲಿ ಜೊತೆಗೆ ಕೂತು ಬಂದವನು ವೆಲ್‌ಫೇರ್ ಮ್ಯಾನೇಜರ್.

"ಜಲಜಾಕ್ಷಿಗೆ ಫೋನ್ ಮಾಡು," ಎಂದೆ.

"ಅಲ್ಲಿ ಈಗ ಬೆಳಿಗ್ಗೆ ಸಹ ಆಗ್ಲಿಲ್ಲ ಅಣ್ಣ."

"ಅವಳು ನಿದ್ದೆ ಮಾಡ್ತಾಳೆ ಅಂತ ನಿನಗೆ ಹೇಳಿದ್ದು ಯಾರು?"

"ನನ್ನ ಕೆಲಸ ಹೋಗ್ತದೆ. ಪ್ರೈಜ್ ಕೊಟ್ಟದ್ದು ಇವತ್ತೇ…"

ಅಷ್ಟರಲ್ಲಿ ಸೂಟು ಹಾಕಿದ ಒಬ್ಬ ಬಂದು, ಬಾಗಿ, ಬೆಳ್ಳಿ ತಟ್ಟೆಯಲ್ಲಿ ತಣ್ಣನೆಯ ಟವೆಲ್ ಹಿಡಿದ. ನಿಮ್ಮ ವಾಸ್ತವ್ಯ ಸುಖವಾಗಿದೆಯಾ ಸರ್, ಎಂದು ಇಂಗ್ಲಿಷಿನಲ್ಲಿ ಕೇಳಿದ. ನನ್ನ ಚಪ್ಪಲಿ ನೋಡಿ ನನಗೆ ಟವೆಲ್ ಕೊಡಲಿಲ್ಲ.

ನಂಬರು ಒತ್ತಿದ್ದು ಅಶ್ಮಿತಾ. ಒತ್ತಿ, ಗಂಡನ ಕಿವಿಗೆ ಹಿಡಿದಳು. "ಹೇಳಿ. ಇಲ್ಲದಿದ್ರೆ ನಾನು ಹೇಳ್ತೇನೆ. ಆ ಮನುಷ್ಯನನ್ನು ನಾನೂ ನೋಡಿದ್ದೇನೆ."

ಮೊದಲ ರಿಂಗಿಗೇ ಎತ್ತಿದಳು ಜಲಜಾಕ್ಷಿ. ತಿಲಕ ಹೇಳಿದ. ಹೋಟೆಲಿನ ಹೆಸರು ಹೇಳಿದ.

"ಟೆರೇಸಿನಲ್ಲಿ ಯಾವ ಕಡೆ?" ಎಂದು ಕೇಳಿದಳು.

"ಸಮುದ್ರದ ಬದಿ. ಮಿಷನುಗಳ ನಡುವೆ."

"ಆಯ್ತು." ಮತ್ತೆ, "ಬಾಯಿಗೆ ನೀರು ಬಿಟ್ಟಿರಾ?"

ತಿಲಕ ಫೋನನ್ನು ಕಿವಿಯಿಂದ ಸರಿಸಿ ತೊಡೆಯ ಮೇಲೆ ಮಗುಚಿದ. ಆ ಕಡೆಯಿಂದ ಜಲಜಾಕ್ಷಿಯೇ ಇಟ್ಟಳು.

ತಿಲಕ ಇನ್ನೂ ಅದೇ ಕಂಪನಿಯಲ್ಲಿದ್ದಾನೆ. ಪ್ರೈಜ್ ವಾಪಸ್ ಕೊಡಲಿಲ್ಲ, ಬಿಡಿ. ಅಂಥವರಿಗೆ ದೆವ್ವ ಕಂಡರೂ ಬುದ್ಧಿ ಬರುವುದಿಲ್ಲ. ಕಂಪನಿಯ ಲೆಕ್ಕದಲ್ಲಿ ಚನಿಯ ಈಗಲೂ ನಿದ್ದೆಯಲ್ಲೇ ಸತ್ತವನು.

ಮುಂದಿನ ಅಮಾವಾಸ್ಯೆಗೆ ಜಲಜಾಕ್ಷಿ ಮತ್ತೆ ಬಡಿಸಿದಳು. ನನ್ನ ತಾಯಿ ಅಲ್ಲೇ ಇದ್ದರು, ಅವರ ಬಾಯಿಂದಲೇ ಕೇಳಿದ್ದು. ಹೋಟೆಲಿನ ಹೆಸರು, ಟೆರೇಸು, ಸಮುದ್ರದ ಬದಿ, ಎಲ್ಲ ಸರಿಯಾಗಿ ಹೇಳಿ, "ಬನ್ನಿ, ಮನೆಗೆ ಬನ್ನಿ" ಎಂದು ಕರೆದಳು. ಒಲೆಯಿಂದ ಆಗಷ್ಟೇ ಇಳಿಸಿದ ಕುಚ್ಚಲಕ್ಕಿ ಅನ್ನ, ಹೊಗೆಯಾಡುತ್ತಿತ್ತು. ಬಾಗಿಲು ಎಳೆದುಕೊಂಡರು. ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಕೂತರು. ಮೂರು ಸಲ ತಟ್ಟಿ ತೆರೆದರು.

ಅನ್ನದಲ್ಲಿ ಐದು ಬೆರಳಿನ ಗುರುತು ಇತ್ತು. ಅದು ಸರಿ, ಅದು ಎಲ್ಲರ ಮನೆಯಲ್ಲೂ ಆಗುವುದೇ. ಆದರೆ ನನ್ನ ತಾಯಿ ಎಲೆ ತೆಗೆಯಲು ಹೋಗಿ ಕೈ ಹಿಂದೆಳೆದುಕೊಂಡರು. ಅನ್ನ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಬಾಳೆಲೆಯ ಮೇಲೆಲ್ಲ ಸಣ್ಣ ಸಣ್ಣ ನೀರಿನ ಹನಿ ಕೂತಿತ್ತು, ಫ್ರಿಜ್ಜಿನಿಂದ ಈಗ ತೆಗೆದಿಟ್ಟ ಹಾಗೆ.

ಆ ಮನೆಯಲ್ಲಿ ಫ್ರಿಜ್ಜಿಲ್ಲ. ಒಂದು ಫ್ಯಾನು ಉಂಟು, ಅದೂ ತಿರುಗುವುದಿಲ್ಲ. ನನ್ನ ತಾಯಿ ಸುಳ್ಳು ಹೇಳುವವರಲ್ಲ. ಬೇಕಾದರೆ ಈಗಲೇ ಫೋನ್ ಹಚ್ಚಿ ಕೊಡುತ್ತೇನೆ, ಕೇಳಿ.