ಹನ್ನೊಂದು ಶನಿವಾರಗಳ ವಾಸಸ್ಥಳ

ತಾರೀಖು ಹದಿನಾಲ್ಕು, ಶನಿವಾರ. ವಸತಿ ಕಟ್ಟಡವೊಂದರ ಮೂರನೇ ಮಹಡಿಯ ಮೆಟ್ಟಿಲ ಬಳಿ ನಿಂತು ಎದುರು ಕಟ್ಟಡದ ಕಿಟಕಿ ನೋಡುತ್ತಿದ್ದೆನೆಂದು ಅಲ್ಲಿಯ ಮೇಲ್ವಿಚಾರಕಿ ದೂರು ಕೊಟ್ಟ ಮೇಲೆ ನನ್ನನ್ನು ಸಂಜೆ ಐದೂವರೆಗೆ ಈ ಠಾಣೆಗೆ ಕರೆತಂದರು.

ನನ್ನ ಹೆಸರು, ತಂದೆಯ ಹೆಸರನ್ನು ಪಾಸ್‌ಪೋರ್ಟ್ ನೋಡಿ ಬರೆದುಕೊಂಡಿದ್ದಾರೆ. ವಯಸ್ಸು ನಲವತ್ತನಾಲ್ಕು. ಕಸುಬು, ಕನ್ನಡಕದ ಗಾಜು ಉಜ್ಜುವುದು. ವಾಸ, ಗಡಿಯ ಆಚೆ, ರೈಲಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ, ಗಡಿಯಾರದ ಅಂಗಡಿಯ ಮೇಲಿನ ಮನೆ. ಸಂದರ್ಶಕರ ವೀಸಾದಲ್ಲಿ ಬಂದಿದ್ದೇನೆ. ಕೇಳಿದ್ದಕ್ಕೆ ಉತ್ತರವಾಗಿ ಹೇಳಿ ಬರೆಸುವುದೇನೆಂದರೆ:

ನನ್ನ ಹೆಂಡತಿ ಲಿಫ್ಟ್ ತಪಾಸಣೆಯ ಎಂಜಿನಿಯರ್. ಕಳೆದ ವರ್ಷದಿಂದ ಈ ಊರಿನಲ್ಲಿ ತಾತ್ಕಾಲಿಕ ಕೆಲಸದ ವೀಸಾದ ಮೇಲೆ ಇದ್ದಾಳೆ. ಮಂಗಳವಾರ ಬೆಳಿಗ್ಗೆ ಬಂದು, ಮೂರು ರಾತ್ರಿ ಇಲ್ಲಿಯ ಬಾಡಿಗೆ ಕೋಣೆಯಲ್ಲಿದ್ದು, ಶುಕ್ರವಾರ ಸಂಜೆ ಮನೆಗೆ ಬರುವುದು ನಮ್ಮ ಏರ್ಪಾಡು. ವರ್ಷದಲ್ಲಿ ಹನ್ನೊಂದು ವಾರ ಅವಳು ಮನೆಗೆ ಬರಲಿಲ್ಲ. ನಮ್ಮ ಕಡೆಯೇ ಇರುವ ತನ್ನ ಅಕ್ಕನ ಮನೆಗೆ ಹೋಗುತ್ತೇನೆಂದು ಫೋನಿನಲ್ಲಿ ಹೇಳುತ್ತಿದ್ದಳು.

ಕಳೆದ ಮಂಗಳವಾರ ನಾವಿಬ್ಬರೂ ಈ ಊರಿನ ತೆರಿಗೆ ಸಲಹೆಗಾರರ ಕಚೇರಿಗೆ ಹೋದೆವು. ತನ್ನದು ತಾತ್ಕಾಲಿಕ ವೀಸಾ, ಖಾಯಂ ನಿವಾಸಿ ಅಲ್ಲವೆಂದು ಅದರ ಮೇಲೇ ಅಚ್ಚಾಗಿದೆ, ಆದ್ದರಿಂದ ಇಲ್ಲಿಯ ಸಂಬಳಕ್ಕೆ ಮಾತ್ರ ಇಲ್ಲಿ ತೆರಿಗೆ ಎಂದು ಹೆಂಡತಿ ಹೇಳಿದಳು. ನಾನೂ ಹಾಗೇ ತಿಳಿದಿದ್ದೆ. ಸಲಹೆಗಾರರು ನಕ್ಕರು. "ಅಮ್ಮಾ, ವೀಸಾ ಹೇಳೋದು ನೀವು ಇಲ್ಲಿ ಇರಬಹುದಾ ಅಂತ. ತೆರಿಗೆಯವರು ಕೇಳೋದು ನೀವು ಇದ್ರಾ ಅಂತ. ಅವರಿಗೆ ನಿಮ್ಮ ಸ್ಟಾಂಪ್ ಬೇಡ, ನಿಮ್ಮ ದಿಂಬು ಎಲ್ಲಿತ್ತು ಹೇಳಿ," ಎಂದರು. ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿ ಇಲ್ಲಿ ಮಲಗಿದವರು ತೆರಿಗೆಯ ಲೆಕ್ಕದಲ್ಲಿ ಇಲ್ಲಿಯ ನಿವಾಸಿಯೇ, ವೀಸಾ ಯಾವುದಾದರೂ ಸರಿ. ಆಗ ಎಲ್ಲೆಲ್ಲಿಯ ಆದಾಯವನ್ನೂ ಇಲ್ಲಿ ತೋರಿಸಬೇಕು ಎಂದು ವಿವರಿಸಿದರು. ಹಾಗಾದರೆ ನಮ್ಮ ಕಡೆಯ ಅವಳ ಉಳಿತಾಯದ ಬಡ್ಡಿಗೂ ತೆರಿಗೆ ಬೀಳುತ್ತದೆ. ಅದು ನಾನು ಸ್ವಂತ ಗಾಜಿನ ಕಾರ್ಖಾನೆ ಇಡಲೆಂದು ಕೂಡಿಟ್ಟದ್ದು.

ವಾರಕ್ಕೆ ಮೂರು ರಾತ್ರಿಯಾದರೆ ಅರ್ಧ ಮುಟ್ಟುವುದಿಲ್ಲ. ಆ ಹನ್ನೊಂದು ವಾರದ ಕೊನೆಗಳನ್ನೂ ಸೇರಿಸಿದರೆ ದಾಟುತ್ತದೆ. ಆ ದಿನಗಳಲ್ಲಿ ಅವಳು ಅಕ್ಕನ ಮನೆಯಲ್ಲಿದ್ದಳೆಂದು ನಾನೇ ಮುಂದಾಗಿ ಹೇಳಿದೆ. ಗಂಡನಾಗಿ ಅಷ್ಟನ್ನು ಬರೆದು, ಬರುವ ಸೋಮವಾರದೊಳಗೆ ಕೊಟ್ಟರೆ ಸಾಕೆಂದು ಸಲಹೆಗಾರರು ಹೇಳಿದರು. ಹೆಂಡತಿ ತನ್ನ ಕೈಚೀಲದ ಜಿಪ್ಪನ್ನು ಎರಡು ಸಲ ಎಳೆದು ಮುಚ್ಚಿದಳು.

ರೈಲು ನಿಲ್ದಾಣದ ಬೆಂಚಿನ ಮೇಲೆ ಅವಳು, "ಅದನ್ನ ಬರ್ಕೊಡಬೇಡಿ. ನಾನು ಅಕ್ಕನ ಮನೇಲಿ ಇರ್ಲಿಲ್ಲ. ಇಲ್ಲೇ ರೂಮಲ್ಲಿದ್ದೆ. ಒಬ್ಬಳೇ," ಎಂದಳು. ನಾನು ಹಳಿಗಳನ್ನು ನೋಡುತ್ತಾ ಕೂತೆ. "ಏನಾದ್ರೂ ಕೇಳ್ರೀ, ಹೀಗೆ ಕಲ್ಲಿನ ಹಾಗೆ ಕೂತ್ಕೋಬೇಡಿ," ಎಂದಳು. ರೈಲು ಎಷ್ಟು ಗಂಟೆಗೆ ಎಂದು ಕೇಳಿದೆ. ಅದು ಎದುರಿನ ಫಲಕದ ಮೇಲೇ ಇತ್ತು.

ಊರಿಗೆ ಹೋದ ಮೇಲೆ ಅವಳ ಅಕ್ಕನಿಗೆ ಫೋನ್ ಮಾಡಿದೆ. "ನಿಮ್ಮ ಹೆಂಡತೀನಾ? ಎರಡು ವರ್ಷ ಆಯ್ತು, ಮುಖ ಇರ್ಲಿ, ನೆರಳೂ ಈ ಕಡೆ ಬಿದ್ದಿಲ್ಲ. ಕಟ್ಟಿ ಹಾಕ್ಕೊಂಡಿದೀರಾ ಅಂತ ನಾನು ನಿಮ್ಮನ್ನೇ ಬೈಕೊಳ್ತಿದ್ದೆ," ಎಂದರು. ಫೋನ್ ಇಟ್ಟ ಮೇಲೆ ಸಲಹೆಗಾರರು ಕೇಳಿದ ಪತ್ರವನ್ನು ಬರೆದು ಜೇಬಿನಲ್ಲಿ ಇಟ್ಟುಕೊಂಡೆ. ಸುಳ್ಳೆಂದು ಗೊತ್ತಿದ್ದೇ ಬರೆದೆ. ಅಷ್ಟು ರಾತ್ರಿ ಅವಳು ನಮ್ಮ ಕಡೆ ಇದ್ದಳೆಂದು ಎಲ್ಲಾದರೂ ಒಂದು ಕಡೆ ದಾಖಲಾಗಲಿ ಎನ್ನಿಸಿತು.

ಅವಳು "ಒಬ್ಬಳೇ" ಎಂದದ್ದನ್ನು ನಾನು ನಂಬಲಿಲ್ಲ. ಅವಳ ಜೊತೆ ಕೆಲಸ ಮಾಡುವ ಒಬ್ಬ ಮೆಕ್ಯಾನಿಕ್ಕಿನ ಮಾತನ್ನು ಅವಳು ಊಟದ ಹೊತ್ತಿಗೆ ಎತ್ತುವುದಿತ್ತು. ಹಗ್ಗದ ಸದ್ದು ಕೇಳಿಯೇ ಲಿಫ್ಟಿನ ರೋಗ ಹೇಳುತ್ತಾನಂತೆ. ಅವನನ್ನು ನಾನು ನೋಡಿಲ್ಲ. ಅವನಿಗೆ ಒಂದು ಮುಖ, ಮೀಸೆ, ನೀಲಿ ಅಂಗಿ ಎಲ್ಲವನ್ನೂ ನಾನೇ ಕೊಟ್ಟಿದ್ದೆ.

ನಿನ್ನೆ ಅವಳು ಫೋನ್ ಮಾಡಿ ಈ ವಾರ ಬರುವುದಿಲ್ಲವೆಂದಳು. ಈ ಸಲ ಅಕ್ಕನ ಹೆಸರು ಹೇಳಲಿಲ್ಲ. ಇಂದು ಮಧ್ಯಾಹ್ನದ ರೈಲಿನಲ್ಲಿ ಬಂದೆ. ಅವಳ ಕೋಣೆ ನನಗೆ ಗೊತ್ತು, ಮಂಚ ಹೊತ್ತು ಹಾಕಿದವನು ನಾನೇ. ಎದುರು ಕಟ್ಟಡದ ಮೆಟ್ಟಿಲಿಗೆ ದೊಡ್ಡ ಕಿಟಕಿಯಿದೆ. ನಡುವೆ ಕಾರು ನಿಲ್ಲಿಸುವ ಅಂಗಳ, ಸುಮಾರು ಅರವತ್ತು ಮೀಟರ್. ಕೆಲಸದ ಎರಡು ಉಬ್ಬುಗಾಜುಗಳನ್ನು ತಂದಿದ್ದೆ. ಓದುವ ಕನ್ನಡಕಕ್ಕೆಂದು ಉಜ್ಜಿದ್ದನ್ನು ಚಾಚಿದ ಕೈಯಲ್ಲೂ, ಗೀರು ಹುಡುಕುವ ದಪ್ಪ ಗಾಜನ್ನು ಕಣ್ಣಿನ ಹತ್ತಿರವೂ ಹಿಡಿದರೆ ದೂರದ್ದು ಹತ್ತಿರ ಕಾಣುತ್ತದೆ. ತಲೆಕೆಳಗಾಗಿ ಕಾಣುತ್ತದೆ. ನಮಗೆ ಅದು ಅಭ್ಯಾಸ.

ಹೆಂಡತಿ ಮೇಜಿನ ಎದುರು ಕೂತಿದ್ದಳು. ಕುರ್ಚಿ ಒಂದೇ. ಮೇಜಿನ ಮೇಲೆ ಲೋಟ ಒಂದೇ. ಅವಳು ಕಿತ್ತಳೆ ಸುಲಿದು, ಎರಡೂ ಕಾಲು ಮೇಜಿನ ಮೇಲೆ ಚಾಚಿ, ಒಂದೊಂದೇ ತೊಳೆ ತಿಂದಳು. ಆಮೇಲೆ ಅವಳ ತುಟಿ ಅಲುಗತೊಡಗಿತು. ಯಾರೋ ಒಳಗಿನ ಮೂಲೆಯಲ್ಲಿದ್ದಾರೆ, ಅವರ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಅವರು ಕಿಟಕಿಯ ಕಡೆ ಬರಲೆಂದು ಕಾದೆ. ಯಾರೂ ಬರಲಿಲ್ಲ. ಅವಳ ಕಾಲ ಬೆರಳು ತಾಳ ಹಾಕುತ್ತಿದ್ದುದನ್ನು ಕಂಡ ಮೇಲೆ ಅವಳು ಹಾಡುತ್ತಿದ್ದಾಳೆಂದು ತಿಳಿಯಿತು. ಮದುವೆಯಾದ ಹನ್ನೆರಡು ವರ್ಷದಲ್ಲಿ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ಇಂದೂ ಕೇಳಿಸಲಿಲ್ಲ. ನೀಲಿ ಅಂಗಿಯವನು ಅಲ್ಲಿದ್ದಿದ್ದರೆ ಮೆಟ್ಟಿಲಿಳಿದು ಹೋಗಿ ಜಗಳವಾಡುತ್ತಿದ್ದೆ. ಇಲ್ಲದವನ ಮೇಲಿನ ಹೊಟ್ಟೆಕಿಚ್ಚು ಅವಳೊಬ್ಬಳಿಗೇ ಸಾಕಾದ ಆ ಒಂದೇ ಕುರ್ಚಿಯ ಮೇಲೆ ತಿರುಗಿತು.

ಆಗ ಮೇಲ್ವಿಚಾರಕಿ ಬಕೆಟ್ಟು ಹಿಡಿದು ಮೇಲೆ ಬಂದರು. "ಏನ್ರೀ, ಹೆಂಗಸರ ಕಿಟಕಿ ನೋಡ್ತಾ ನಿಂತಿದೀರಲ್ಲ, ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?" ಎಂದರು. ಅವಳು ನನ್ನ ಹೆಂಡತಿ ಎಂದೆ. "ಹೆಂಡತಿ ಆದ್ರೆ ಹೋಗಿ ಬಾಗಿಲು ಬಡೀರಿ! ಅದಕ್ಕೆ ಭೂತಗನ್ನಡಿ ಯಾಕ್ರೀ?" ಎಂದು ಕೇಳಿದರು. ನಾನು ಗಾಜುಗಳನ್ನು ಜೇಬಿಗೆ ಹಾಕಿಕೊಂಡೆ. ಅವರು ಫೋನ್ ಮಾಡಿದರು. ನಾನು ಓಡಲಿಲ್ಲ. ಅವರನ್ನು ಮುಟ್ಟಲೂ ಇಲ್ಲ.

ಠಾಣೆಯಲ್ಲಿ ನನ್ನ ಜೇಬಿನಿಂದ ಎರಡು ಗಾಜು ಮತ್ತು ಮೇಲೆ ಹೇಳಿದ ಪತ್ರ ಸಿಕ್ಕವು. ಹೆಂಡತಿಯನ್ನು ಕರೆಸಲೇ ಎಂದು ಅಧಿಕಾರಿಗಳು ಕೇಳಿದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಕೊನೆಯ ರೈಲು ತಪ್ಪಿದರೆ ನನ್ನದೂ ಒಂದು ರಾತ್ರಿ ಇಲ್ಲಿಯ ಲೆಕ್ಕಕ್ಕೆ ಸೇರುತ್ತದೆ ಎಂದು ಅವರು ತಮಾಷೆ ಮಾಡಿದರು.

ಜೇಬಿನ ಪತ್ರವನ್ನು ಸಲಹೆಗಾರರಿಗೆ ಕೊಡುವುದಿಲ್ಲ. ಅದರ ಬದಲು, ಆ ಹನ್ನೊಂದು ವಾರವೂ ನನ್ನ ಹೆಂಡತಿ ಈ ಊರಿನ ತನ್ನ ಕೋಣೆಯಲ್ಲೇ ಇದ್ದಳು, ಒಬ್ಬಳೇ ಇದ್ದಳು ಎಂದು ಬರೆದುಕೊಡಲು ನಿರ್ಧರಿಸಿದ್ದೇನೆ. ಒಬ್ಬಳೇ ಎಂಬುದನ್ನು ತೆರಿಗೆಯವರು ಕೇಳಿಲ್ಲ. ನಾನು ಕಣ್ಣಾರೆ ನೋಡಿದ್ದು ಇಂದಿನ ಒಂದು ಶನಿವಾರವನ್ನು ಮಾತ್ರ, ಅದು ಆ ಹನ್ನೊಂದರಲ್ಲಿ ಸೇರಿಲ್ಲ. ಆ ಹನ್ನೊಂದಕ್ಕೂ ಅವಳ ಮಾತಿನ ಹೊರತು ನನ್ನ ಬಳಿ ಏನೂ ಇಲ್ಲ.

ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಿದೆ. ಹೊಸ ಪತ್ರವನ್ನು ಇನ್ನೂ ಬರೆದಿಲ್ಲ. ಅವಳ ಬಾಗಿಲನ್ನೂ ಇನ್ನೂ ಬಡಿದಿಲ್ಲ.

ಸ್ಥಳ: ಠಾಣೆ
ತಾರೀಖು: ಹದಿನಾಲ್ಕು, ಸಂಜೆ ಏಳೂ ಕಾಲು
(ಸಹಿ)